ಅಂಚುಗಡಲಿನ ಆಮ್ಲೀಕರಣ: ಸಂಖ್ಯಾಶಾಸ್ತ್ರೀಯ ಮುನ್ನಂದಾಜಿನ ನೆಲೆ ಮತ್ತು ಮಿತಿ

ಪೀಠಿಕೆ

ಮಹಾಸಾಗರದ ಅಂಚಿನಲ್ಲಿದ್ದು ಭೂಭಾಗಗಳಿಂದ ಭಾಗಶಃ ಸುತ್ತುವರಿಯಲ್ಪಟ್ಟ ಜಲರಾಶಿಯನ್ನು ಅಂಚುಗಡಲು ಎಂದು ಕರೆಯಬಹುದು. ಭಾರತ ಪರ್ಯಾಯದ್ವೀಪದ ಇಕ್ಕೆಲಗಳಲ್ಲಿರುವ ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳು ಹಿಂದೂ ಮಹಾಸಾಗರದ ಇಂತಹ ಎರಡು ಅಂಚುಗಡಲುಗಳು. ಕರ್ನಾಟಕಕ್ಕೆ ಈ ಎರಡರೊಡನೆಯೂ ಸಂಬಂಧವುಂಟು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ ಅರಬ್ಬೀ ಸಮುದ್ರಕ್ಕೆ ಮೈಯೊಡ್ಡಿ ನಿಂತಿದೆ. ಪೂರ್ವಾಭಿಮುಖವಾಗಿ ಹರಿಯುವ ನದಿಗಳ ಮೂಲಕ ರಾಜ್ಯದ ಒಳನಾಡಿನ ನೀರು, ಬೆಂಗಳೂರಿನ ಬೊಮ್ಮನಹಳ್ಳಿಯಂತಹ ಕೈಗಾರಿಕಾ ವಲಯದ ನೀರೂ ಸೇರಿದಂತೆ, ಬಂಗಾಳ ಕೊಲ್ಲಿಯ ದಿಕ್ಕಿಗೆ ಸಾಗುತ್ತದೆ.

ವಾತಾವರಣದಲ್ಲಿ ಹೆಚ್ಚುತ್ತಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸಮುದ್ರದ ನೀರು ತನ್ನ ಕ್ಷಾರಗುಣವನ್ನು ಮೆಲ್ಲಮೆಲ್ಲನೆ ಕಳೆದುಕೊಳ್ಳುವ ಕ್ರಿಯೆಗೆ ಸಾಗರದ ಆಮ್ಲೀಕರಣವೆಂದು ಹೆಸರು. ಕೆನ್ ಕಾಲ್ಡೈರಾ ಮತ್ತು ಮೈಕೆಲ್ ವಿಕೆಟ್ ಅವರು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಲೇಖನದ ಬಳಿಕ ಈ ವಿಷಯ ವಿಜ್ಞಾನಿಗಳ ಗಮನವನ್ನು ವ್ಯಾಪಕವಾಗಿ ಸೆಳೆಯಿತು. ತೆರೆದ ಸಾಗರದಲ್ಲಿ ಅಳೆದು ತಿಳಿದ ಕುಸಿತದ ದರವನ್ನೇ ಅಂಚುಗಡಲಿಗೂ ಅನ್ವಯಿಸಿ ಮುಂದಿನ ಐವತ್ತು ಅಥವಾ ನೂರು ವರ್ಷಗಳ ಸ್ಥಿತಿಯನ್ನು ಹೇಳಬಹುದೇ ಎಂಬುದು ಇಲ್ಲಿ ಏಳುವ ಪ್ರಶ್ನೆ. ಅಂಚುಗಡಲಿನಲ್ಲಿ ಋತುಮಾನದ ಏರಿಳಿತವು ದೀರ್ಘಕಾಲೀನ ಬದಲಾವಣೆಗಿಂತ ಅನೇಕ ಪಟ್ಟು ದೊಡ್ಡದು. ಆದ್ದರಿಂದ ಮುನ್ನಂದಾಜಿನ ಬಲವು ಸೂತ್ರದ ಜಟಿಲತೆಗಿಂತ ಹೆಚ್ಚಾಗಿ ಅಳತೆಗಳ ಅವಧಿ, ನಿಖರತೆ ಮತ್ತು ಋತುವ್ಯಾಪ್ತಿಯನ್ನು ಅವಲಂಬಿಸಿದೆ. ಕರ್ನಾಟಕದ ಕಡಲನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಈ ಅಂಶವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಮ್ಲೀಕರಣದ ರಸಾಯನ

ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ಕಾರ್ಬಾನಿಕ್ ಆಮ್ಲ ಉಂಟಾಗುತ್ತದೆ. ಅದು ಒಡೆದು ಹೈಡ್ರೋಜನ್ ಅಯಾನು ಮತ್ತು ಬೈಕಾರ್ಬೊನೇಟ್ ಅಯಾನುಗಳನ್ನು ಕೊಡುತ್ತದೆ. ಬಿಡುಗಡೆಯಾದ ಹೈಡ್ರೋಜನ್ ಅಯಾನುಗಳಲ್ಲಿ ಬಹುಪಾಲು ನೀರಿನಲ್ಲಿರುವ ಕಾರ್ಬೊನೇಟ್ ಅಯಾನುಗಳೊಡನೆ ಕೂಡಿಕೊಳ್ಳುತ್ತವೆ. ಹೀಗೆ ಒಂದೆಡೆ ಆಮ್ಲತೆ ಏರುತ್ತದೆ, ಇನ್ನೊಂದೆಡೆ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಚಿಪ್ಪಿನ ಜೀವಿಗಳು ಮತ್ತು ಹವಳಗಳು ತಮ್ಮ ಕವಚವನ್ನು ಕಟ್ಟಿಕೊಳ್ಳುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದಲೇ ಆದ್ದರಿಂದ ಈ ಎರಡನೆಯ ಪರಿಣಾಮ ಜೀವಶಾಸ್ತ್ರದ ದೃಷ್ಟಿಯಿಂದ ಮಹತ್ತ್ವದ್ದು.

ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸೆನ್ ರೂಪಿಸಿದರು. ಇದು ಲಘುಗಣಕದ ಮಾನವಾದುದರಿಂದ ಸಣ್ಣ ಅಂಕಿಗಳ ಹಿಂದೆ ದೊಡ್ಡ ಬದಲಾವಣೆಗಳು ಅಡಗಿರುತ್ತವೆ. ಪಿಎಚ್ 0.1ರಷ್ಟು ಕುಸಿದರೆ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಸುಮಾರು ಶೇ. 26ರಷ್ಟು ಏರುತ್ತದೆ, 0.3ರಷ್ಟು ಕುಸಿದರೆ ಅದು ಇಮ್ಮಡಿಯಾಗುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಸಾಗರದ ಮೇಲ್ಮೈಯ ಸರಾಸರಿ ಪಿಎಚ್ ಸುಮಾರು 8.2 ಇದ್ದು, ಈಗ 8.1ರ ಆಸುಪಾಸಿಗೆ ಇಳಿದಿದೆ. ಅಂದರೆ ನೀರು ಇಂದಿಗೂ ಕ್ಷಾರೀಯವೇ. ಆಮ್ಲೀಕರಣವೆಂಬ ಪದವು ಬದಲಾವಣೆಯ ದಿಕ್ಕನ್ನು ಸೂಚಿಸುತ್ತದೆಯೇ ಹೊರತು ಸಮುದ್ರವು ಆಮ್ಲವಾಗಿದೆಯೆಂದು ಹೇಳುವುದಿಲ್ಲ.

ಹವಾಯಿ ದ್ವೀಪಗಳ ಬಳಿಯ ಅಲೋಹಾ ನೆಲೆಯಲ್ಲಿ 1988ರಿಂದ ನಡೆದುಬಂದಿರುವ ಅಳತೆಗಳಂತೆ ಮೇಲ್ಮೈಯ ಪಿಎಚ್ ವರ್ಷಕ್ಕೆ ಸುಮಾರು 0.0018ರಷ್ಟು ಇಳಿಯುತ್ತಿದೆ. ಮೌನಾ ಲೋವಾದಲ್ಲಿ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಅಳತೆಯನ್ನು ಆರಂಭಿಸಿದಾಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿದ್ದ ವಾತಾವರಣದ ಇಂಗಾಲದ ಡೈಆಕ್ಸೈಡ್ 2023ರ ವೇಳೆಗೆ 420 ಭಾಗವನ್ನು ದಾಟಿತ್ತು. ಈ ಎರಡು ದಾಖಲೆಗಳ ನಡುವಣ ಹೊಂದಾಣಿಕೆಯು ಆಮ್ಲೀಕರಣದ ಕಾರಣವನ್ನು ಸ್ಪಷ್ಟಪಡಿಸುತ್ತದೆ.

ಅರಬ್ಬೀ ಸಮುದ್ರದ ವೈಶಿಷ್ಟ್ಯ

ತೆರೆದ ಸಾಗರದ ಈ ಸರಳ ಚಿತ್ರ ಅರಬ್ಬೀ ಸಮುದ್ರದ ಪೂರ್ವತೀರಕ್ಕೆ ಯಥಾವತ್ತಾಗಿ ಒಪ್ಪುವುದಿಲ್ಲ. ನೈಋತ್ಯ ಮುಂಗಾರಿನ ಕಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಭಾರತದ ಪಶ್ಚಿಮ ಕರಾವಳಿಯ ಗುಂಟ ಆಳದ ತಣ್ಣೀರು ಮೇಲೇರಿ ಭೂಖಂಡದ ಅಂಚಿನ ಆಳವಿಲ್ಲದ ನೆಲೆಗೆ ಬರುತ್ತದೆ. ಈ ಊರ್ಧ್ವಹರಿವಿನ ನೀರು ಪೋಷಕಾಂಶಗಳಿಂದ ಸಮೃದ್ಧ. ಕರಾವಳಿಯ ಬಂಗಡೆ, ಬೂತಾಯಿಗಳ ಹೇರಳತೆಗೆ ಇದೇ ಮೂಲ. ಆದರೆ ಆಳದಲ್ಲಿ ಸಾವಯವ ವಸ್ತು ಕೊಳೆಯುವಾಗ ಆಮ್ಲಜನಕ ವ್ಯಯವಾಗಿ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿರುವುದರಿಂದ ಆ ನೀರಿನ ಪಿಎಚ್ ಕಡಿಮೆ. ಹೆಸರಿನಲ್ಲೇ ಆಮ್ಲವನ್ನು ಹೊತ್ತ ಆಮ್ಲಜನಕವು ಎಲ್ಲಿ ಕಡಿಮೆಯೋ ಅಲ್ಲಿಯೇ ನೀರಿನ ಆಮ್ಲತೆ ಹೆಚ್ಚು.

ಗೋವೆಯ ದೋನಾಪಾವುಲದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಕರಾವಳಿಯ ಆಮ್ಲಜನಕದ ಕೊರತೆ ತೀವ್ರಗೊಳ್ಳುತ್ತಿರುವುದನ್ನು ವರದಿ ಮಾಡಿದರು. ಅದಕ್ಕೂ ಮೊದಲು, 1990ರ ದಶಕದ ನಡುಭಾಗದಲ್ಲಿ, ‘ಸಾಗರ ಕನ್ಯಾ’ ನೌಕೆಯ ಯಾನಗಳಲ್ಲಿ ಸಂಗ್ರಹಿಸಿದ ದತ್ತಾಂಶಗಳು ಮಧ್ಯ ಮತ್ತು ಪೂರ್ವ ಅರಬ್ಬೀ ಸಮುದ್ರವು ವಾತಾವರಣಕ್ಕೆ ಇಂಗಾಲದ ಡೈಆಕ್ಸೈಡನ್ನು ಹೊರಬಿಡುವ ಮೂಲವೆಂದು ತೋರಿಸಿದ್ದವು. ಸಾಗರವೆಂದರೆ ಇಂಗಾಲವನ್ನು ಹೀರಿಕೊಳ್ಳುವ ತಾಣವೆಂಬ ಸಾಮಾನ್ಯ ತಿಳಿವಳಿಕೆಗೆ ಇದು ಅಪವಾದ.

ಇದರ ಮೇಲೆ ವರ್ಷದಿಂದ ವರ್ಷಕ್ಕೆ ಆಗುವ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಹಿಂದೂ ಮಹಾಸಾಗರದ ಪೂರ್ವ ಮತ್ತು ಪಶ್ಚಿಮ ಭಾಗಗಳ ಉಷ್ಣತೆ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಬದಲಾಗುವ ದ್ವಿಧ್ರುವ ಸ್ಥಿತಿಯನ್ನು 1999ರಲ್ಲಿ ಸಾಜಿ, ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಮತ್ತು ಯಾಮಗಾತ ಅವರು ನಿರೂಪಿಸಿದರು. ಇವರಲ್ಲಿ ಗೋಸ್ವಾಮಿ ಮತ್ತು ವಿನಯಚಂದ್ರನ್ ಅವರ ಸಂಶೋಧನಾ ಜೀವನದ ಬಹುಭಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಡನೆ ಬೆಸೆದುಕೊಂಡಿದೆ. ಧನಾತ್ಮಕ ದ್ವಿಧ್ರುವದ ವರ್ಷಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಮ್ಲಜನಕರಹಿತ ನೀರು ಮೇಲೇರುವುದಕ್ಕೆ ತಡೆಯುಂಟಾಗುತ್ತದೆಯೆಂದು ಮುಂದಿನ ಅಧ್ಯಯನಗಳು ತಿಳಿಸಿವೆ. ಆದುದರಿಂದ ಒಂದು ವರ್ಷದ ಪಿಎಚ್ ಇನ್ನೊಂದು ವರ್ಷಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಆಮ್ಲೀಕರಣ ನಿಂತಿತೆಂದೂ ಕಡಿಮೆಯಿದ್ದ ಮಾತ್ರಕ್ಕೆ ಅದು ವೇಗಗೊಂಡಿತೆಂದೂ ತೀರ್ಮಾನಿಸಲಾಗದು.

ದತ್ತಾಂಶದ ಸ್ಥಿತಿ

ಪಿಎಚ್, ಒಟ್ಟು ಕ್ಷಾರತೆ, ಕರಗಿದ ಅಜೈವಿಕ ಇಂಗಾಲ ಮತ್ತು ಇಂಗಾಲದ ಡೈಆಕ್ಸೈಡಿನ ಆಂಶಿಕ ಒತ್ತಡ ಇವು ಸಮುದ್ರದ ಇಂಗಾಲ ವ್ಯವಸ್ಥೆಯ ನಾಲ್ಕು ಅಳೆಯಬಲ್ಲ ರಾಶಿಗಳು. ಉಷ್ಣತೆ ಮತ್ತು ಲವಣಾಂಶ ತಿಳಿದಿದ್ದರೆ ಇವುಗಳಲ್ಲಿ ಯಾವುದೇ ಎರಡರಿಂದ ಉಳಿದೆರಡನ್ನು ಲೆಕ್ಕಹಾಕಬಹುದು. ಆದರೆ ಅಳತೆಯ ಗುಣಮಟ್ಟ ಇಲ್ಲಿ ನಿರ್ಣಾಯಕ. ಜಾಗತಿಕ ಸಾಗರ ಆಮ್ಲೀಕರಣ ವೀಕ್ಷಣಾ ಜಾಲವು ಅಲ್ಪಕಾಲೀನ ಅಧ್ಯಯನಗಳಿಗೆ ಪಿಎಚ್ ಅಳತೆಯಲ್ಲಿ 0.02ರ ಅನಿಶ್ಚಿತತೆಯನ್ನು ಒಪ್ಪುತ್ತದೆ. ದೀರ್ಘಕಾಲೀನ ಪ್ರವೃತ್ತಿಯ ಅಧ್ಯಯನಕ್ಕೆ 0.003ರ ಮಿತಿಯನ್ನು ವಿಧಿಸುತ್ತದೆ. 0.02 ಎಂದರೆ ಅಲೋಹಾ ದರದಂತೆ ಹನ್ನೊಂದು ವರ್ಷಗಳ ಕುಸಿತಕ್ಕೆ ಸಮ. ಸಾಮಾನ್ಯ ಪ್ರಯೋಗಾಲಯದ ಗಾಜಿನ ಇಲೆಕ್ಟ್ರೋಡಿನಿಂದ ಪಡೆದ ಹಳೆಯ ಅಂಕಿಗಳನ್ನೂ ಬಣ್ಣದ ಸೂಚಕವನ್ನು ಬಳಸಿ ರೋಹಿತಮಾಪಕದಿಂದ ಪಡೆದ ಹೊಸ ಅಂಕಿಗಳನ್ನೂ ಪರಿಶೀಲಿಸದೆ ಒಂದೇ ಸಾಲಿನಲ್ಲಿ ಜೋಡಿಸಿದರೆ ಉಪಕರಣದ ಬದಲಾವಣೆಯೇ ಸಮುದ್ರದ ಬದಲಾವಣೆಯಾಗಿ ತೋರಬಹುದು. ಪಿಎಚ್‌ನ ವಿಭಿನ್ನ ಮಾನಗಳ ನಡುವಿನ ಅಂತರವೇ 0.1ನ್ನು ಮೀರಬಹುದೆಂಬುದನ್ನು ನೆನೆದರೆ ಈ ಅಪಾಯದ ಗಾತ್ರ ತಿಳಿಯುತ್ತದೆ.

ಇನ್ನೊಂದು ತೊಡಕು ಋತುವಿನದು. ಪಿಎಚ್ ಅತ್ಯಂತ ಕೆಳಗಿಳಿಯುವ ಮುಂಗಾರಿನ ತಿಂಗಳುಗಳಲ್ಲಿಯೇ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಕರ್ನಾಟಕದಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳ ಅರವತ್ತೊಂದು ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ದೋಣಿಗಳು ಬಂದರಿನಲ್ಲಿಯೇ ಲಂಗರು ಹಾಕಿರುತ್ತವೆ. ಚಿಕ್ಕ ದೋಣಿಗಳನ್ನು ನೆಚ್ಚಿದ ನೀರಿನ ಮಾದರಿ ಸಂಗ್ರಹವೂ ಈ ಕಾಲದಲ್ಲಿ ಕಷ್ಟಸಾಧ್ಯ. ಹೀಗೆ ದತ್ತಾಂಶದಲ್ಲಿ ಉಂಟಾಗುವ ತೆರಪುಗಳು ಆಕಸ್ಮಿಕವಲ್ಲ. ಕಡಿಮೆ ಪಿಎಚ್‌ನ ಅಂಕಿಗಳೇ ಆಯ್ದು ಬಿಟ್ಟುಹೋಗುವುದರಿಂದ ವಾರ್ಷಿಕ ಸರಾಸರಿ ವಾಸ್ತವಕ್ಕಿಂತ ಮೇಲಿರುತ್ತದೆ. ಹಿಂದಿನ ದಶಕದಲ್ಲಿ ಮಳೆಗಾಲದ ಅಳತೆಗಳಿಲ್ಲದೆ ಈಚಿನ ದಶಕದಲ್ಲಿ ಮಾತ್ರ ಅವು ಇದ್ದರೆ ಇಲ್ಲದ ಕುಸಿತವೊಂದು ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಪ್ರವೃತ್ತಿಯನ್ನು ಗುರುತಿಸಲು ಬೇಕಾದ ಕಾಲ

ಏರಿಳಿತದ ನಡುವೆ ಅಡಗಿದ ಪ್ರವೃತ್ತಿಯನ್ನು ಗುರುತಿಸಲು ಎಷ್ಟು ವರ್ಷಗಳ ದಾಖಲೆ ಬೇಕೆಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಉತ್ತರವಿದೆ. ವೆದರ್‌ಹೆಡ್ ಮತ್ತು ಸಂಗಡಿಗರು 1998ರಲ್ಲಿ ನಿರೂಪಿಸಿದ ವಿಧಾನದಂತೆ ಈ ಅವಧಿಯು ಮೂರು ಅಂಶಗಳನ್ನು ಅವಲಂಬಿಸಿದೆ: ಪ್ರವೃತ್ತಿಯ ವಾರ್ಷಿಕ ಪ್ರಮಾಣ, ಋತುಚಕ್ರವನ್ನು ಕಳೆದ ಮೇಲೆ ಉಳಿಯುವ ಮಾಸಿಕ ಏರಿಳಿತದ ಮಾನಕ ವಿಚಲನೆ ಮತ್ತು ಒಂದು ತಿಂಗಳ ಸ್ಥಿತಿ ಮರುತಿಂಗಳಿಗೂ ಮುಂದುವರಿಯುವ ಗುಣ. ಈ ಕೊನೆಯದನ್ನು ಸ್ವಸಹಸಂಬಂಧ ಎನ್ನುತ್ತಾರೆ. ಸ್ವಸಹಸಂಬಂಧ ಹೆಚ್ಚಿದಷ್ಟೂ ಪ್ರತಿ ಅಳತೆಯು ಕೊಡುವ ಹೊಸ ಮಾಹಿತಿ ಕಡಿಮೆಯಾಗುತ್ತದೆ.

ವಿವರಣೆಗಾಗಿ ಒಂದು ಲೆಕ್ಕವನ್ನು ನೋಡಬಹುದು. ವಾರ್ಷಿಕ ಕುಸಿತ 0.0018, ಸ್ವಸಹಸಂಬಂಧದ ಗುಣಾಂಕ 0.5 ಎಂದಿಟ್ಟುಕೊಳ್ಳೋಣ. ಮಾಸಿಕ ಏರಿಳಿತ 0.02ರಷ್ಟಿದ್ದಲ್ಲಿ ಪ್ರವೃತ್ತಿಯನ್ನು ಶೇ. 90ರ ಸಂಭವನೀಯತೆಯಿಂದ ಗುರುತಿಸಲು ಸುಮಾರು 16 ವರ್ಷಗಳ ಅವಿಚ್ಛಿನ್ನ ಮಾಸಿಕ ದಾಖಲೆ ಬೇಕು. ಏರಿಳಿತ 0.05ಕ್ಕೆ ಏರಿದರೆ ಈ ಅವಧಿ ಸುಮಾರು 29 ವರ್ಷಗಳಾಗುತ್ತದೆ. ಈ ಅಂಕಿಗಳು ಅರಬ್ಬೀ ಸಮುದ್ರದ ಯಾವುದೇ ನಿರ್ದಿಷ್ಟ ತಾಣದ ಅಳತೆಗಳಲ್ಲ. ಶಾಂತವಾದ ತೆರೆದ ಕಡಲಿಗೂ ಊರ್ಧ್ವಹರಿವಿನ ಅಂಚುಗಡಲಿಗೂ ಇರುವ ವ್ಯತ್ಯಾಸದ ಸ್ವರೂಪವನ್ನು ತೋರಿಸುವ ಕಲ್ಪಿತ ಮೌಲ್ಯಗಳು.

ಇದೇ ಗಣಿತದಿಂದ ಇನ್ನೊಂದು ಪ್ರಯೋಜನಕಾರಿ ನಿಯಮವೂ ಹೊರಡುತ್ತದೆ. ಪ್ರವೃತ್ತಿಯ ಅಂದಾಜಿನಲ್ಲಿರುವ ದೋಷವು ದಾಖಲೆಯ ಅವಧಿಯ ಒಂದೂವರೆ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಅವಧಿಯನ್ನು ಇಮ್ಮಡಿಗೊಳಿಸಿದರೆ ದೋಷವು ಸುಮಾರು 2.8 ಪಟ್ಟು ಕುಗ್ಗುತ್ತದೆ. ಅವಧಿಯನ್ನು ಹಾಗೆಯೇ ಬಿಟ್ಟು ಮಾದರಿಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದರೆ, ಆ ಮಾದರಿಗಳು ಪರಸ್ಪರ ಸ್ವತಂತ್ರವಾಗಿದ್ದರೂ, ಕುಗ್ಗುವುದು 1.4 ಪಟ್ಟು ಮಾತ್ರ. ಐದು ವರ್ಷಗಳ ಯೋಜನೆಯಲ್ಲಿ ಅತಿ ದಟ್ಟವಾಗಿ ಅಳೆಯುವುದಕ್ಕಿಂತ ಮೂವತ್ತು ವರ್ಷ ಬಿಡದೆ ಮಿತವಾಗಿ ಅಳೆಯುವುದೇ ಮೇಲೆಂಬುದು ಇದರ ತಾತ್ಪರ್ಯ.

ಮಾದರಿಯ ರಚನೆ

ಕಾಲಕ್ಕೆ ಎದುರಾಗಿ ಪಿಎಚ್‌ನ ಬಿಂದುಗಳನ್ನು ಗುರುತಿಸಿ ಸರಳರೇಖೆಯನ್ನು ಹೊಂದಿಸುವುದು ಅತ್ಯಂತ ಸುಲಭದ ಮಾದರಿ. ಅಂಚುಗಡಲಿಗೆ ಇದು ಸಾಲದು. ಕಾಲವು ಯಾವುದಕ್ಕೂ ಕಾರಣವಲ್ಲ. ಕಾಲದೊಡನೆ ಬದಲಾಗುವ ಸಂಗತಿಗಳು ಕಾರಣಗಳು. ಆದ್ದರಿಂದ ಹಂತಹಂತವಾಗಿ ಸಾಗುವ ಕ್ರಮ ಹೆಚ್ಚು ಭರವಸೆಯದು. ಮೊದಲ ಹಂತದಲ್ಲಿ ಲವಣಾಂಶ ಮತ್ತು ಉಷ್ಣತೆಗಳಿಂದ ಒಟ್ಟು ಕ್ಷಾರತೆಯನ್ನು ಬಹುಚರ ರಿಗ್ರೆಶನ್ ಸಮೀಕರಣದ ಮೂಲಕ ಅಂದಾಜಿಸಲಾಗುತ್ತದೆ. ಎರಡನೆಯ ಹಂತದಲ್ಲಿ ವಾತಾವರಣದ ಇಂಗಾಲದ ಡೈಆಕ್ಸೈಡ್, ಉಷ್ಣತೆ, ಕರಗಿದ ಆಮ್ಲಜನಕ, ಊರ್ಧ್ವಹರಿವಿನ ಸೂಚಿ ಮತ್ತು ದ್ವಿಧ್ರುವದ ಸೂಚಿಗಳಿಂದ ಇಂಗಾಲದ ಪ್ರಮಾಣವನ್ನು ಪಡೆಯಲಾಗುತ್ತದೆ. ಮೂರನೆಯ ಹಂತದಲ್ಲಿ ಈ ಎರಡರಿಂದ ರಸಾಯನಶಾಸ್ತ್ರದ ಸಮೀಕರಣಗಳ ಮೂಲಕ ಪಿಎಚ್ ಲೆಕ್ಕ ಸಿಗುತ್ತದೆ. ಇಲ್ಲಿ ಸಂಖ್ಯಾಶಾಸ್ತ್ರವು ರಸಾಯನಶಾಸ್ತ್ರದ ಕೆಲಸವನ್ನು ಕಸಿದುಕೊಳ್ಳದೆ ಅದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸುತ್ತದೆ. ಉಳಿದ ಅಂಶಗಳು ಸ್ಥಿರವಾಗಿರುವಾಗ ನೀರು ಒಂದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಾದರೆ ಪಿಎಚ್ ಸುಮಾರು 0.016ರಷ್ಟು ಇಳಿಯುತ್ತದೆಂಬಂತಹ ತಿಳಿದ ಸಂಗತಿಗಳನ್ನು ದತ್ತಾಂಶದಿಂದ ಮತ್ತೆ ಕಲಿಯುವ ಅಗತ್ಯವಿಲ್ಲ.

ಈಚಿನ ವರ್ಷಗಳಲ್ಲಿ ಕೃತಕ ನರಜಾಲ ಮಾದರಿಗಳೂ ಬಳಕೆಗೆ ಬಂದಿವೆ. ನೌಕೆಗಳು ಅಳೆದ ವಿರಳ ಬಿಂದುಗಳನ್ನೂ ಉಪಗ್ರಹಗಳು ನೀಡುವ ಉಷ್ಣತೆ, ಹರಿತ್ತಿನ ಪ್ರಮಾಣಗಳನ್ನೂ ಬೆಸೆದು ಇಡೀ ಸಾಗರದ ಮಾಸಿಕ ನಕ್ಷೆಯನ್ನು ಅವು ರಚಿಸುತ್ತವೆ. ನಕ್ಷೆಯು ತೆರಪಿಲ್ಲದೆ ತುಂಬಿ ಕಾಣುವುದರಿಂದ ಅಳತೆಯೂ ಅಲ್ಲೆಲ್ಲ ನಡೆದಿದೆಯೆಂಬ ಭ್ರಮೆ ಹುಟ್ಟಬಾರದು. ಮೇಲ್ಮೈ ಸಾಗರದ ಇಂಗಾಲದ ಡೈಆಕ್ಸೈಡಿನ ಅಂತಾರಾಷ್ಟ್ರೀಯ ಸಂಕಲನದಲ್ಲಿ ಉತ್ತರ ಅಟ್ಲಾಂಟಿಕ್ ಸಾಗರಕ್ಕೆ ಹೋಲಿಸಿದರೆ ಉತ್ತರ ಹಿಂದೂ ಮಹಾಸಾಗರದ ಅಳತೆಗಳು ತೀರ ವಿರಳ. ಬಂಗಾಳ ಕೊಲ್ಲಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಅಳೆಯುವ ತೇಲುಬುರುಡೆಯನ್ನು 15 ಡಿಗ್ರಿ ಉತ್ತರ ಅಕ್ಷಾಂಶ, 90 ಡಿಗ್ರಿ ಪೂರ್ವ ರೇಖಾಂಶದ ನೆಲೆಯಲ್ಲಿ ಅಳವಡಿಸಿದ್ದೇ 2013ರಲ್ಲಿ.

ಮಾದರಿಯ ಪರೀಕ್ಷೆಯಲ್ಲಿಯೂ ಎಚ್ಚರ ಅಗತ್ಯ. ದತ್ತಾಂಶದ ಒಂದು ಭಾಗವನ್ನು ಮರೆಯಲ್ಲಿಟ್ಟು ಉಳಿದುದರಿಂದ ಮಾದರಿಯನ್ನು ರೂಪಿಸಿ, ಮರೆಯಲ್ಲಿಟ್ಟುದನ್ನು ಅದು ಸರಿಯಾಗಿ ಊಹಿಸುವುದೇ ಎಂದು ನೋಡುವುದು ರೂಢಿ. ಒಂದೇ ಯಾನದ ಅಕ್ಕಪಕ್ಕದ ಮಾದರಿಗಳು ಒಂದನ್ನೊಂದು ಹೋಲುವುದರಿಂದ ಬಿಂದುಗಳನ್ನು ಚೀಟಿ ಎತ್ತಿದಂತೆ ಆಯ್ದರೆ ಫಲಿತಾಂಶ ಹುಸಿಯಾಗಿ ಉತ್ತಮವೆನಿಸುತ್ತದೆ. ಇಡೀ ಯಾನವನ್ನೇ, ಇಡೀ ವರ್ಷವನ್ನೇ ಹೊರಗಿಟ್ಟು ಪರೀಕ್ಷಿಸಿದಾಗ ಮಾತ್ರ ಮಾದರಿಯ ನಿಜವಾದ ಸಾಮರ್ಥ್ಯ ಬೆಳಕಿಗೆ ಬರುತ್ತದೆ.

ಒಳನಾಡಿನ ಪಾಲು

ಅಂಚುಗಡಲನ್ನು ತೆರೆದ ಸಾಗರದಿಂದ ಬೇರ್ಪಡಿಸುವ ಮತ್ತೊಂದು ಅಂಶ ಭೂಮಿಯ ಸಾಮೀಪ್ಯ. ಕಡಲಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹೊರವಲಯವೂ ಈ ಲೆಕ್ಕದ ಹೊರಗಿಲ್ಲ. 2007ರಲ್ಲಿ ಬೃಹತ್ ಬೆಂಗಳೂರಿನಲ್ಲಿ ವಿಲೀನಗೊಳ್ಳುವ ಮೊದಲು ಪ್ರತ್ಯೇಕ ನಗರಸಭೆಯಾಗಿದ್ದ ಬೊಮ್ಮನಹಳ್ಳಿಯು ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಹಾದಿಗಿರುವ, ಸಿದ್ಧ ಉಡುಪಿನ ಕಾರ್ಖಾನೆಗಳೂ ಸಣ್ಣ ಉದ್ಯಮಗಳೂ ದಟ್ಟವಾಗಿರುವ ಪ್ರದೇಶ. ಈ ಭಾಗದ ನೀರು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಸರಣಿಯ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ನದಿ ತಮಿಳುನಾಡನ್ನು ಹಾಯ್ದು ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಕೂಡುತ್ತದೆ. ನಗರದ ವಾಯವ್ಯದ ಪೀಣ್ಯದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹರಿದು ಅದೇ ಕೊಲ್ಲಿಯ ಹಾದಿ ಹಿಡಿಯುತ್ತದೆ.

ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ ಪಾಚಿಯನ್ನು ಬೆಳೆಸುತ್ತವೆ. ಪಾಚಿ ಕೊಳೆತಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ನದೀಮುಖದ ಬಳಿ ಇದು ವಾತಾವರಣದಿಂದಾಗುವ ಆಮ್ಲೀಕರಣದೊಡನೆ ಕೂಡಿಕೊಳ್ಳುತ್ತದೆ. ಹಾದಿಯಲ್ಲಿರುವ ಕೆರೆಗಳೂ ಅಣೆಕಟ್ಟುಗಳೂ ನೀರನ್ನು ತಡೆಹಿಡಿಯುವುದರಿಂದ ಒಂದು ಬಡಾವಣೆಯ ಕೊಳಚೆಗೂ ಕೊಲ್ಲಿಯ ಪಿಎಚ್‌ಗೂ ನೇರ ಗಂಟು ಹಾಕುವುದು ತರವಲ್ಲ. ಆದರೆ ಪರ್ಯಾಯದ್ವೀಪದ ಎಲ್ಲ ನಗರಗಳ ಒಟ್ಟು ಹೊರೆಯನ್ನು ಕಡೆಗಣಿಸುವ ಮಾದರಿಯೂ ಅಪೂರ್ಣವೇ.

ಗಾಳಿಯ ಹಾದಿ ಇನ್ನೂ ನೇರವಾದುದು. ಇಂಧನ ದಹನದಿಂದ ಹೊಮ್ಮುವ ಗಂಧಕ ಮತ್ತು ಸಾರಜನಕದ ಆಕ್ಸೈಡುಗಳು ಆಮ್ಲಗಳಾಗಿ ಮಾರ್ಪಟ್ಟು ಕಡಲಿನ ಮೇಲೆ ಬೀಳುತ್ತವೆ. ವಿ.ವಿ.ಎಸ್.ಎಸ್. ಶರ್ಮ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವು 1991 ಮತ್ತು 2011ರ ಯಾನಗಳ ದತ್ತಾಂಶವನ್ನು ಹೋಲಿಸಿ, ಬಂಗಾಳ ಕೊಲ್ಲಿಯ ಪಶ್ಚಿಮ ಕರಾವಳಿಯ ಆಮ್ಲತೆಯ ಬದಲಾವಣೆಗೂ ವಾಯುಮಾಲಿನ್ಯಕ್ಕೂ ಇರುವ ಸಂಬಂಧವನ್ನು ಎತ್ತಿತೋರಿಸಿತು. ಇಂತಹ ಹೋಲಿಕೆಗಳು ಕಾರಣದತ್ತ ಬೆರಳು ಮಾಡಿ ತೋರಿಸುತ್ತವೆ. ಆದರೆ ಎರಡು ಕಾಲಬಿಂದುಗಳ ನಡುವಣ ಹಾದಿಯನ್ನು ತುಂಬಬಲ್ಲುದು ನಿರಂತರ ಅಳತೆ ಮಾತ್ರ.

ಮುನ್ನಂದಾಜಿನ ಮಿತಿ

ದೀರ್ಘ ದಾಖಲೆಯೂ ಉತ್ತಮ ಮಾದರಿಯೂ ಇದ್ದ ಮೇಲೂ ಒಂದು ಮಿತಿ ಉಳಿಯುತ್ತದೆ. ಅಲೋಹಾ ದರವನ್ನು ಎಂಬತ್ತು ವರ್ಷಗಳಿಗೆ ನೇರವಾಗಿ ವಿಸ್ತರಿಸಿದರೆ ಸಿಗುವ ಕುಸಿತ 0.14. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಮಂಡಲಿಯ 2019ರ ಸಾಗರ ವರದಿಯಂತೆ 2006–2015ಕ್ಕೆ ಹೋಲಿಸಿದರೆ 2081–2100ರ ವೇಳೆಗೆ ಸಾಗರದ ಮೇಲ್ಮೈ ಪಿಎಚ್ ಕನಿಷ್ಠ ಹೊರಸೂಸುವಿಕೆಯ ಸನ್ನಿವೇಶದಲ್ಲಿ ಸುಮಾರು 0.04, ಗರಿಷ್ಠ ಹೊರಸೂಸುವಿಕೆಯಲ್ಲಿ ಸುಮಾರು 0.29 ಕುಸಿಯುತ್ತದೆ. ಸರಳರೇಖೆಯು ಈ ಎರಡರ ನಡುವೆ ಎಲ್ಲೋ ಹಾಯುತ್ತದೆಯಷ್ಟೆ. ಎರಡರಲ್ಲಿ ಯಾವುದನ್ನೂ ಅದು ಹೇಳುವುದಿಲ್ಲ. ಮನುಷ್ಯರು ಎಷ್ಟು ಇಂಧನವನ್ನು ಉರಿಸುತ್ತಾರೆಂಬುದು ಸಮುದ್ರದ ದತ್ತಾಂಶದಲ್ಲಿ ಇರುವ ಮಾಹಿತಿಯಲ್ಲ. ಅದನ್ನು ಹೊರಗಿನಿಂದ ಸನ್ನಿವೇಶಗಳ ರೂಪದಲ್ಲಿ ಮಾದರಿಗೆ ಒದಗಿಸಬೇಕು.

ಇದಲ್ಲದೆ ರೋಜರ್ ರೆವೆಲ್ ಮತ್ತು ಹ್ಯಾನ್ಸ್ ಸ್ಯೂಸ್ ಅವರು 1957ರಲ್ಲಿ ತೋರಿಸಿಕೊಟ್ಟಂತೆ ಸಮುದ್ರವು ಇಂಗಾಲವನ್ನು ಹೀರಿಕೊಳ್ಳುವುದಕ್ಕೆ ಅದರ ರಸಾಯನವೇ ತಡೆಯೊಡ್ಡುತ್ತದೆ. ಕಾರ್ಬೊನೇಟ್ ಕಡಿಮೆಯಾದಂತೆ ಈ ತಡೆ ಬಲಗೊಳ್ಳುತ್ತದೆ. ಕಳೆದ ಮೂವತ್ತು ವರ್ಷಗಳಲ್ಲಿ ಕಂಡ ಸಂಬಂಧ ಮುಂದಿನ ಮೂವತ್ತು ವರ್ಷಗಳಲ್ಲಿ ಹಾಗೆಯೇ ಇರುವುದೆಂಬ ಖಾತರಿಯಿಲ್ಲ. ನರಜಾಲ ಮಾದರಿಗಳಿಗೆ ಈ ಮಿತಿ ಇನ್ನೂ ಹೆಚ್ಚು ಅನ್ವಯಿಸುತ್ತದೆ. ತಾವು ಕಂಡರಿಯದ ಸ್ಥಿತಿಯನ್ನು ಅವು ಕಂಡ ಸ್ಥಿತಿಯ ಅಳತೆಗೋಲಿನಿಂದಲೇ ಅಳೆಯುತ್ತವೆ.

ಉಪಸಂಹಾರ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸರ್ ತಾಣವೆಂಬ ಮನ್ನಣೆ ಪಡೆಯಿತು. ಇಳಿತದ ವೇಳೆಯಲ್ಲಿ ಅಲ್ಲಿ ಬಳಚು, ಚಿಪ್ಪಿಕಲ್ಲುಗಳನ್ನು ಆಯ್ದು ಜೀವನ ನಡೆಸುವ ಕುಟುಂಬಗಳಿಗೆ ನೀರಿನ ಕಾರ್ಬೊನೇಟ್ ಪ್ರಮಾಣವೆಂಬುದು ಪರೋಕ್ಷವಾಗಿಯಾದರೂ ಅನ್ನದ ಪ್ರಶ್ನೆ. ನದಿಯ ಸಿಹಿನೀರು, ಕಡಲಿನ ಊರ್ಧ್ವಹರಿವು ಮತ್ತು ವಾತಾವರಣದ ಇಂಗಾಲ ಮೂರೂ ಸಂಧಿಸುವ ಇಂತಹ ತಾಣಕ್ಕೆ ಹವಾಯಿಯ ದರವನ್ನು ಎರವಲು ತಂದು ಭವಿಷ್ಯ ನುಡಿಯುವುದು ಸಾಧುವಲ್ಲ. ಅಪಾಯವನ್ನು ಅತಿಯಾಗಿ ಹೇಳಿದರೂ ಕಡಿಮೆಯಾಗಿ ಹೇಳಿದರೂ ನಷ್ಟ ಅವರದೇ.

ಸಂಖ್ಯಾಶಾಸ್ತ್ರೀಯ ಮಾದರಿಯ ಸಾರ್ಥಕತೆಯು ಒಂದು ಅಂಕಿಯನ್ನು ನುಡಿಯುವುದರಲ್ಲಿಲ್ಲ. ಆ ಅಂಕಿಯ ಸುತ್ತಲಿನ ಅನಿಶ್ಚಿತತೆ ಎಷ್ಟು, ಅದು ಯಾವ ಕಾರಣದಿಂದ ಬಂದಿದೆ, ಯಾವ ಅಳತೆಯಿಂದ ಕುಗ್ಗಬಲ್ಲುದು ಎಂಬುದನ್ನು ತಿಳಿಸುವುದರಲ್ಲಿದೆ. ಕರ್ನಾಟಕದ ಕಡಲಿನ ಮಟ್ಟಿಗೆ ಆ ಉತ್ತರ ಸ್ಪಷ್ಟವಾಗಿದೆ. ಮುಂಗಾರಿನ ತಿಂಗಳುಗಳನ್ನು ಒಳಗೊಂಡು, ಒಂದೇ ಮಾನದಲ್ಲಿ, ಕನಿಷ್ಠ ಎರಡು ಇಂಗಾಲ ರಾಶಿಗಳನ್ನು ಆಮ್ಲಜನಕದೊಡನೆ ದಶಕಗಳ ಕಾಲ ಅಳೆಯುವ ಸ್ಥಿರ ನೆಲೆಯೊಂದು ಬೇಕು. ಅಂತಹ ನೆಲೆ ಇಂದು ಆರಂಭವಾದರೆ ಅದರ ದಾಖಲೆಯು ಪ್ರವೃತ್ತಿಯನ್ನು ಹೇಳುವಷ್ಟು ಬಲಿಯಲು ಒಂದು ತಲೆಮಾರು ಹಿಡಿಯಬಹುದು. ಆರಂಭವು ಒಂದು ವರ್ಷ ತಡವಾದಂತೆ ಆ ತಿಳಿವೂ ಒಂದು ವರ್ಷ ಹಿಂದೆ ಸರಿಯುತ್ತದೆ. ಅಳೆಯದೆ ಬಿಟ್ಟ ಮಳೆಗಾಲವನ್ನು ಮುಂದೆ ಯಾವ ಸೂತ್ರವೂ ಮರಳಿ ತಂದುಕೊಡಲಾರದು.